ಹುಳುಗಳಿಗೆ ಜ್ವರ ಬಂದ ದಿನ ನಾವು ಝೂಗೆ ಹೋದದ್ದು

ಮನುಷ್ಯನಿಗೆ ಯಾರ ಮೇಲೆ ಹೊಟ್ಟೆಕಿಚ್ಚು ಬಂದರೂ ಹೇಳಿಕೊಳ್ಳಬಹುದು, ಬೀಗರ ಮೇಲೆ ಬಂದರೆ ಮಾತ್ರ ಹೇಳಿಕೊಳ್ಳುವ ಹಾಗಿಲ್ಲ. ಪಕ್ಕದ ಹೊಲದವನ ಬೆಳೆ ನೋಡಿ ಕರುಬಿದರೆ ಊರೇ ಜೊತೆಗೆ ನಿಲ್ಲುತ್ತದೆ. ದಾಯಾದಿಯ ಹೊಸ ಮನೆ ನೋಡಿ ನಿದ್ದೆ ಕೆಟ್ಟರೆ ಅದು ಸಹಜ ಅನ್ನುತ್ತಾರೆ. ಆದರೆ ಮಗಳನ್ನು ಕೊಟ್ಟ ಮನೆಯ ಯಜಮಾನರು, ಅದೂ ದೇವರಂಥ ಮನುಷ್ಯರು, ಸಿಕ್ಕಾಗಲೆಲ್ಲ ಎರಡೂ ಕೈ ಹಿಡಿದುಕೊಂಡು ಆರೋಗ್ಯ ವಿಚಾರಿಸುವವರು, ಅವರನ್ನು ಕಂಡರೆ ನನಗೆ ಒಳಗೊಳಗೇ ಉರಿಯುತ್ತದೆ ಅಂದರೆ ಕೇಳಿದವರು ನನ್ನನ್ನೇ ಉಗಿಯುತ್ತಾರೆ. ಅದಕ್ಕೇ ಬಾಯಿಬಿಟ್ಟು ಯಾರಿಗೂ ಹೇಳಿಲ್ಲ. ಬರೆದರೆ ಅಷ್ಟು ಅವಮಾನ ಆಗಲಾರದು ಅಂತ ಬರೆಯುತ್ತಿದ್ದೇನೆ. ನಮ್ಮ ಬೀಗರಿಗೆ ಓದುವ ಚಟ ಇಲ್ಲ ಅನ್ನುವುದೂ ಒಂದು ಧೈರ್ಯ.

ನಮ್ಮದು ಕಬ್ಬಾಳಿನ ಆಚೆಗಿನ ಒಂದು ಸಣ್ಣ ಹಳ್ಳಿ. ದಿನಕ್ಕೆ ಮೂರು ಗಂಟೆ ನಾನು ಊರಿನ ಗ್ರಂಥಾಲಯದ ಬಾಗಿಲು ತೆಗೆದು ಕೂರುತ್ತೇನೆ. ಯಾರೂ ಬರದ ಕಾರಣ ಅಲ್ಲಿರುವ ಪುಸ್ತಕಗಳನ್ನೆಲ್ಲ ನಾನೇ ಎರಡೆರಡು ಸಲ ಓದಿ, ಈಗ ಹೀಗೆ ಬರೆಯುವ ರೋಗ ಅಂಟಿಸಿಕೊಂಡಿದ್ದೇನೆ. ಉಳಿದ ಇಪ್ಪತ್ತೊಂದು ಗಂಟೆ ನಾನು ರೇಷ್ಮೆ ಹುಳುಗಳ ಆಳು. ಆಳು ಅನ್ನುವ ಮಾತನ್ನು ಯೋಚಿಸಿಯೇ ಹಾಕಿದ್ದೇನೆ. ಹುಳ ಮನೆಗೆ ಬಂತು ಅಂದರೆ ನಾವು ಗಂಡ ಹೆಂಡಿರು ಅದರ ಸೇವೆಗೆ ನಿಂತ ಹಾಗೆ. ಅದಕ್ಕೆ ಹಸಿವಾದಾಗ ಸೊಪ್ಪು ಹಾಕಬೇಕು, ಸೆಕೆಯಾದರೆ ಕಿಟಕಿ ತೆಗೆಯಬೇಕು, ಚಳಿಯಾದರೆ ಮುಚ್ಚಬೇಕು. ಕಾಲು ತೊಳೆಯದೆ ಒಳಗೆ ಹೋಗುವ ಹಾಗಿಲ್ಲ. ಬೀಡಿ ಸೇದಿದವನು ಹತ್ತಿರ ಸುಳಿಯುವ ಹಾಗಿಲ್ಲ. ಪೌಡರು, ಸೆಂಟು, ಊದುಬತ್ತಿ ಯಾವುದೂ ಅದಕ್ಕೆ ಆಗದು. ದೇವರ ಮನೆಯಲ್ಲಿ ದೇವರಿಗೂ ಆ ಒಂದು ತಿಂಗಳು ಬರೀ ಹೂವು, ಬರೀ ಕೈಮುಗಿತ. ಹೆಂಡತಿ ಜಯಮ್ಮ ಮದುವೆಯಾಗಿ ಬಂದ ಹೊಸದರಲ್ಲಿ ತಲೆಗೆ ಮಲ್ಲಿಗೆ ಮುಡಿದು ಹುಳು ಮನೆಗೆ ಬಂದಾಗ ನಾನು ವಾಸನೆ ಅಂತ ಹೊರಗೆ ಕಳಿಸಿದೆನಂತೆ. ನನಗೆ ನೆನಪಿಲ್ಲ. ಅವಳಿಗೆ ಮೂವತ್ತೊಂದು ವರ್ಷದಿಂದ ನೆನಪಿದೆ.

ಮಲ್ಲಿಗೆಯ ವಿಷಯಕ್ಕೆ ಸಿಕ್ಕ ಕ್ಷಮೆ ಸಾಂಬ್ರಾಣಿಯ ವಿಷಯಕ್ಕೆ ಸಿಗಲಿಲ್ಲ. ಒಬ್ಬಳೇ ಮಗಳು ಚೈತ್ರ. ಮಾಗಡಿಗೆ ಕೊಟ್ಟಿದ್ದೇವೆ. ಮೊದಲನೇ ಹೆರಿಗೆಗೆ ತವರಿಗೆ ಬಂದಳು, ಗಂಡು ಮಗು ಆಯಿತು, ಐದು ತಿಂಗಳ ಬಾಣಂತನ ಮಾಡಿ ಕಳಿಸುವುದು ಅಂತ ಮಾತು. ಎಳೆ ಮಗುವಿಗೆ ಎಣ್ಣೆ ನೀರು ಹಾಕಿ, ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿ, ಆ ಹೊಗೆಯಲ್ಲಿ ಕೂದಲು ಒಣಗಿಸಿ ಮಲಗಿಸುವುದು ನಮ್ಮಲ್ಲಿ ಎಲ್ಲ ಮನೆಯಲ್ಲೂ ಇರುವ ಪದ್ಧತಿ. ಎರಡು ತಿಂಗಳು ಸುಸೂತ್ರವಾಗಿ ನಡೆಯಿತು. ಮೂರನೇ ತಿಂಗಳಿಗೆ ಹುಳ ಬಂದವು. ನಮ್ಮ ಹುಳು ಮನೆ ಅಂದರೆ ಬೇರೆ ಕಟ್ಟಡವಲ್ಲ, ಪಡಸಾಲೆಯ ಪಕ್ಕದ ದೊಡ್ಡ ಕೋಣೆ, ನಡುವೆ ಒಂದು ಬಾಗಿಲು. ಜಯಮ್ಮ ಹಿತ್ತಲಿಗೆ ಹೋಗಿ ಹೊಗೆ ಹಾಕಿದಳು, ಗಾಳಿ ಮನೆ ಕಡೆಗೇ ಬೀಸಿತು. ದನದ ಕೊಟ್ಟಿಗೆಯಲ್ಲಿ ಹಾಕಿದಳು, ಅಲ್ಲಿಂದಲೂ ಬಂತು. ಅವತ್ತು ಹುಳುಗಳು ಸೊಪ್ಪು ಮುಟ್ಟದೆ ತಲೆ ಎತ್ತಿಕೊಂಡು ಕೂತಿದ್ದನ್ನು ನೋಡಿ ನನಗೆ ಏನಾಯಿತೋ, ಒಂದು ಚೊಂಬು ನೀರು ತಂದು ಕೆಂಡಕ್ಕೆ ಸುರಿದುಬಿಟ್ಟೆ. ಚುಯ್ ಅಂತು. ಮಗು ಬೆಚ್ಚಿಬಿದ್ದು ಅತ್ತಿತು. ಆಮೇಲೆ ಮಗಳಿಗೆ ಸಮಾಧಾನವಾಗಿಯೇ ಹೇಳಿದೆ: “ಹುಳಕ್ಕೆ ಆಗಾಕಿಲ್ಲ ಕಣವ್ವ. ಒಂದಿಪ್ಪತ್ತು ದಿವ್ಸ ಮಾಗಡೀಲಿ ಇದ್ಬುಟ್ಟು ಬಾ.”

ಅವಳು ಮಗುವಿನ ಬಟ್ಟೆ ಮಡಿಸಿ ಚೀಲಕ್ಕೆ ತುಂಬಿದಳು. ಮಾರನೆಯ ದಿನ ಅಳಿಯ ಕಾರು ತಂದರು, ಹೋದಳು. ಆ ಇಪ್ಪತ್ತು ದಿನ ಮುಗಿದು ಈಗ ಎರಡು ವರ್ಷದ ಮೇಲಾಯಿತು. ಬರುತ್ತಾಳೆ, ಇಲ್ಲ ಅಂತಲ್ಲ. ಗೌರಿ ಹಬ್ಬಕ್ಕೆ, ಯುಗಾದಿಗೆ, ಬೆಳಿಗ್ಗೆ ಬಂದು ಸಾಯಂಕಾಲ ಹೊರಡುತ್ತಾಳೆ. ಉಳಿದುಕೋ ಅಂದರೆ ‘ಹುಳ ಇಲ್ವಾಪ್ಪ’ ಅಂತ ಮೆತ್ತಗೆ ಕೇಳುತ್ತಾಳೆ. ಇಲ್ಲ ಅಂದರೂ ನಂಬುವುದಿಲ್ಲ. ಆ ಸಲದ ಗೂಡು ಸೊಗಸಾಗಿ ಬಂತು, ರಾಮನಗರದ ಮಾರುಕಟ್ಟೆಯಲ್ಲಿ ನಾಲ್ಕು ಜನ ಮುಟ್ಟಿ ಮುಟ್ಟಿ ನೋಡಿದರು. ಬೆಳೆ ಕೆಟ್ಟಿದ್ದರೆ ಮಗಳೂ ಹೋದಳು, ಗೂಡೂ ಹೋಯಿತಲ್ಲ ಅಂತ ನನ್ನ ಮೇಲೆ ಯಾರಾದರೂ ಮರುಕಪಡುತ್ತಿದ್ದರೋ ಏನೋ. ಅದೂ ಆಗಲಿಲ್ಲ.

ಹೀಗಾಗಿ ನನ್ನ ಮೊಮ್ಮಗ ವಿಹಾನ್ ಮಾಗಡಿಯಲ್ಲಿ, ಬೀಗರ ಹೆಗಲ ಮೇಲೆ ಬೆಳೆದ. ಬೀಗರು ಚನ್ನಪ್ಪನವರು ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದವರು. ಬಾಯಲ್ಲೇ ಸೀಟಿ ಊದುತ್ತಾರೆ, ‘ಹೋಲ್ಡಾನ್’ ಅನ್ನುತ್ತಾರೆ, ‘ರೈಟ್ ರೈಟ್’ ಅನ್ನುತ್ತಾರೆ. ಮಗು ಅವರನ್ನು ಬಸ್ಸು ಅಂತಲೇ ತಿಳಿದಿರಬೇಕು. ನನಗೆ ಏನು ಬರುತ್ತದೆ? ಸದ್ದೇ ಮಾಡದ, ತಲೆ ಎತ್ತಿ ನಮ್ಮ ಮುಖವನ್ನೇ ನೋಡದ ಜೀವಗಳ ಜೊತೆ ಆಯಸ್ಸು ಕಳೆದವನು ನಾನು. ಹುಳುಗಳನ್ನು ನಗಿಸುವ ಅಗತ್ಯ ಯಾವತ್ತೂ ಬಿದ್ದಿರಲಿಲ್ಲ. ಫೋನಿನಲ್ಲಿ ನನ್ನ ಮುಖ ಬಂದರೆ ಮಗು ಅದನ್ನು ಬೆರಳಿನಿಂದ ಪಕ್ಕಕ್ಕೆ ತಳ್ಳುತ್ತದೆ. ಹಬ್ಬಕ್ಕೆ ಬಂದಾಗ ಎತ್ತಿಕೊಳ್ಳಲು ಹೋದರೆ ಬೀಗರ ಕಡೆಗೆ ಎರಡೂ ಕೈ ಚಾಚಿ ‘ತಾತಾ’ ಅಂತ ಅಳುತ್ತದೆ. ಆ ಶಬ್ದ ನನ್ನ ಕಿವಿಯ ಪಕ್ಕದಲ್ಲೇ ಹಾದುಹೋಗುತ್ತದೆ. ನನಗೆ ಬೇಕಾದದ್ದು ಹೆಚ್ಚೇನಲ್ಲ. ಅಳದೆ ಒಂದು ಸಲ ನನ್ನ ಹತ್ತಿರ ಬಂದರೆ ಸಾಕಿತ್ತು.

ಒಂದು ದಿನ ಮಗಳೇ ಫೋನು ಮಾಡಿ, ವಿಹಾನ್ ಪುಸ್ತಕದಲ್ಲಿ ಪ್ರಾಣಿ ಗುರುತಿಸಲು ಕಲಿತಿದ್ದಾನೆ, ಬನ್ನೇರುಘಟ್ಟಕ್ಕೆ ಕರೆದುಕೊಂಡು ಹೋಗುತ್ತೇವೆ, ನೀವಿಬ್ಬರೂ ಬನ್ನಿ ಅಂದಳು. ಬರುತ್ತೇವೆ ಅಂದೆ. ಯಾವತ್ತು ಅಂತ ಕೇಳಿದಳು. ನನ್ನ ಬಾಯಿಗೆ ಬುದ್ಧಿ ಎಲ್ಲಿಂದ ಬರಬೇಕು, “ಹುಳ ನಾಲ್ಕನೇ ಜ್ವರಕ್ಕೆ ಕೂತ ದಿವ್ಸ ಬತ್ತೀವಿ” ಅಂದುಬಿಟ್ಟೆ. ಓದುವವರಿಗೆ ಹೇಳಿಬಿಡುತ್ತೇನೆ. ರೇಷ್ಮೆ ಹುಳ ಬೆಳೆಯುವಾಗ ನಾಲ್ಕು ಸಲ ಪೊರೆ ಬಿಡುತ್ತದೆ. ಬಿಡುವ ಮುಂಚೆ ಒಂದು ದಿನದ ಮೇಲೆ ಏನೂ ತಿನ್ನದೆ ಅಲ್ಲಾಡದೆ ಕೂರುತ್ತದೆ. ಅದಕ್ಕೇ ನಾವು ಜ್ವರ ಅನ್ನುವುದು. ಸೊಪ್ಪು ಹಾಕುವ ಕೆಲಸ ಇಲ್ಲದ ದಿನ ಅದೊಂದೇ ಆದ್ದರಿಂದ ನಮ್ಮ ಕಡೆ ಹುಳದ ಮನೆಯವರು ಮದುವೆ, ತಿಥಿ, ಬ್ಯಾಂಕು, ಹಲ್ಲು ಕೀಳಿಸುವುದು ಎಲ್ಲವನ್ನೂ ಆ ದಿನಕ್ಕೇ ಇಟ್ಟುಕೊಳ್ಳುತ್ತಾರೆ. ಫೋನಿನ ಆ ಕಡೆಯಿಂದ ಮಗಳು ‘ಸರಿ ಅಪ್ಪ, ಅದಕ್ಕೆ ಜ್ವರ ಬಂದಾಗ ಹೇಳು’ ಅಂದಳು. ಜಯಮ್ಮ ತಲೆ ಚಚ್ಚಿಕೊಂಡಳು.

ಆ ದಿನ ಬಂತು. ಜ್ವರ ಬಿಟ್ಟು ಎದ್ದರೆ ಫೋನು ಮಾಡಿ ಅಂತ ಪಕ್ಕದ ಮನೆಯ ನಿಂಗಕ್ಕನಿಗೆ ಹೇಳಿ, ನಾನು ಎರಡು ಸಲ ಸೋಪು ಹಾಕಿ ಸ್ನಾನ ಮಾಡಿದೆ. ರೋಗ ಬಾರದಂತೆ ಹುಳು ಮನೆಗೆ ಹಾಕುವ ಬ್ಲೀಚಿಂಗ್ ಪೌಡರಿನ ವಾಸನೆ ಮೈಗೇ ಹತ್ತಿಬಿಟ್ಟಿರುತ್ತದೆ, ಮಗು ಅದಕ್ಕೇ ಅಳುತ್ತಿರಬಹುದು ಅನ್ನುವುದು ನನ್ನ ಸಂಶೋಧನೆ. ಮಗಳ ಮದುವೆಯಲ್ಲಿ ಉಳಿದ ಸೆಂಟು ಬೀರುವಿನಲ್ಲಿತ್ತು, ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಹಾಕಿಕೊಂಡೆ. ಜಯಮ್ಮ ಮೂಗಿಗೆ ಸೆರಗು ಹಿಡಿದು, ಹುಳು ಮನೆ ಬಾಗಿಲಿಗೆ ಅಡ್ಡ ನಿಂತು, ಇನ್ನು ಒಳಗೆ ಕಾಲಿಟ್ಟರೆ ನೋಡಿ ಅಂದಳು. ಮೊಮ್ಮಗನಿಗೆ ಅಂತ ಹೊಲದ ಅಂಚಿನಲ್ಲಿ ಬಿಟ್ಟಿದ್ದ ಹಿಪ್ಪುನೇರಳೆ ಹಣ್ಣನ್ನು ಬಿಡಿಸಿ ಒಂದು ಡಬ್ಬಿ ತುಂಬಿದೆ. ಅಂಗಡಿಯಲ್ಲಿ ಸಿಗದ ವಸ್ತು, ಅದನ್ನು ತಿಂದರೆ ನನ್ನನ್ನು ಮರೆಯುವುದಿಲ್ಲ ಅನ್ನುವ ಲೆಕ್ಕ. ಕನಕಪುರದಲ್ಲಿ ಬಸ್ಸು ಹತ್ತಿ, ಹಾರೋಹಳ್ಳಿಯಲ್ಲಿ ಇಳಿದು ಇನ್ನೊಂದು ಹಿಡಿದು ಹೋಗುವಷ್ಟರಲ್ಲಿ ಅವರು ಆಗಲೇ ಗೇಟಿನ ಹೊರಗೆ ನಿಂತಿದ್ದರು. ಡಬ್ಬಿ ತೆಗೆದೆ. ಮಗು ಒಂದು ಹಣ್ಣು ಬಾಯಿಗಿಟ್ಟುಕೊಂಡು, ಹುಳಿಗೆ ಮುಖ ಕಿವುಚಿ, ಅದನ್ನು ತನ್ನ ಹೊಸ ಬಿಳಿ ಅಂಗಿಯ ಮೇಲೆ ಉಗಿದು, ಉಳಿದದ್ದನ್ನು ತಾತನ ಪಂಚೆಗೆ ಒರೆಸಿತು. ತಾತ ಅಂದರೆ ನಾನಲ್ಲ. ನೀಲಿ ಕಲೆ ಹೋಗುವುದಿಲ್ಲ ಅಂತ ಗೊತ್ತಿದ್ದೂ ಬೀಗರು ‘ಹೋಗ್ತದೆ ಬಿಡಿ’ ಅಂದರು. ಅವರ ಒಳ್ಳೆಯತನ ನನಗೆ ಹೀಗೆ ಪದೇ ಪದೇ ತೊಂದರೆ ಕೊಡುತ್ತದೆ.

ಒಳಗೆ ಹೋದ ಮೇಲೆ ಎರಡು ವರ್ಷದ ಮಗುವಿಗೆ ಪ್ರಾಣಿ ತೋರಿಸುವುದು ಎಷ್ಟು ದೊಡ್ಡ ಕೆಲಸ ಅಂತ ಗೊತ್ತಾಯಿತು. ಆರು ಜನ ದೊಡ್ಡವರು ಒಟ್ಟಿಗೆ ‘ಅಗೋ ಹುಲಿ, ಅಗೋ ಹುಲಿ’ ಅಂತ ಕೈ ತೋರಿಸಿದರೆ, ಅದು ನಮ್ಮ ಕೈಗಳನ್ನೇ ನೋಡಿತು. ಕರಡಿಯ ಮುಂದೆ ನಿಲ್ಲಿಸಿದರೆ ಬೇಲಿಯ ಮೇಲೆ ಕೂತ ಕಾಗೆ ತೋರಿಸಿತು. ನೀರುಕುದುರೆ ಬಾಯಿ ತೆರೆದು ನಿಂತಾಗ ಅದು ತನ್ನ ಚಪ್ಪಲಿ ಬಿಚ್ಚುವುದರಲ್ಲಿತ್ತು. ಆನೆಯ ಹತ್ತಿರ ಬಂದಾಗ ಜಯಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತು, ರಾಗಿ ತೆನೆಗೆ ಬಂದರೆ ಇವೇ ನಮ್ಮ ಹೊಲಕ್ಕೆ ಬಿಟ್ಟಿಯಾಗಿ ಬರುತ್ತವಲ್ಲ, ಅವನ್ನು ನೋಡಲು ಟಿಕೇಟು ತಗೊಂಡು ಇಲ್ಲಿಗೆ ಬರಬೇಕಾಗಿತ್ತಾ ಅಂತ ಕೇಳಿದಳು. ಬೀಗಿತ್ತಿ ನಗಲು ಶುರು ಮಾಡಿದವರು ನಿಲ್ಲಿಸಲಿಲ್ಲ. ಅಲ್ಲಿಂದ ಮುಂದೆ ಅವರಿಬ್ಬರೂ ಮಂಡಿ ನೋವಿನ ಮಾತು ಹಿಡಿದು ಒಂದು ಕಲ್ಲುಬೆಂಚಿನ ಮೇಲೆ ಕೂತುಬಿಟ್ಟರು. ಮಗಳು, ಅಳಿಯ ಐಸ್‌ಕ್ರೀಮು ತರಲು ಹೋದರು. ಉಳಿದವರು ನಾವು ಮೂವರು: ಬೀಗರು, ಬೀಗರ ಹೆಗಲ ಮೇಲೆ ಮಗು, ಪಕ್ಕದಲ್ಲಿ ಮಗುವಿನ ಚಪ್ಪಲಿ ಕೈಯಲ್ಲಿ ಹಿಡಿದ ನಾನು.

ನಾನು ಏನೂ ಹೇಳಿರಲಿಲ್ಲ. ಆದರೆ ಮೂವತ್ತು ವರ್ಷ ಜನರ ಮುಖ ನೋಡಿ ಯಾರು ಎಲ್ಲಿ ಇಳಿಯುತ್ತಾರೆ ಅಂತ ಹೇಳುತ್ತಿದ್ದ ಮನುಷ್ಯನಿಗೆ ನನ್ನ ಮುಖ ಓದುವುದು ಎಷ್ಟರ ಕೆಲಸ. ಮಗುವನ್ನು ಕೆಳಗಿಳಿಸಿ, ಅದು ಇರುವೆ ಸಾಲು ನೋಡುತ್ತಿದ್ದಾಗ, ನನ್ನ ಕಿವಿಯ ಹತ್ತಿರ ಬಂದು ಹೇಳಿದರು: “ಬೀಗ್ರೆ, ನಾನು ಒಸಿ ಮರೆಯಾಯ್ತೀನಿ. ನಾನು ಕಣ್ಣಿಗೆ ಬೀಳ್ತಾ ಇದ್ರೆ ಅವ್ನು ನಿಮ್ಮತ್ರ ಬರಾಕಿಲ್ಲ. ಆ ನೀರಿನ ನಲ್ಲಿ ಐತಲ್ಲ, ಅದ್ರ ಹಿಂದ್ಲ ಮರದ ಕೆಳಗೆ ಕೂತಿರ್ತೀನಿ. ಕರ್ಕೊಂಡು ಬನ್ನಿ.” ಅಷ್ಟು ಹೇಳಿ ಸದ್ದಿಲ್ಲದೆ ಹೊರಟುಹೋದರು.

ಮಗು ತಲೆ ಎತ್ತಿತು. ತಾತ ಇಲ್ಲ. ಸುತ್ತ ನೋಡಿತು, ನನ್ನನ್ನು ನೋಡಿತು, ತುಟಿ ಸೊಟ್ಟ ಮಾಡಿತು. ಎತ್ತಿಕೊಂಡೆ, ಬೆನ್ನು ಬಿಲ್ಲು ಮಾಡಿ ಕಿರುಚಿಕೊಂಡಿತು. ಹೋಗುವವರೆಲ್ಲ ನನ್ನನ್ನು ಮಕ್ಕಳ ಕಳ್ಳನನ್ನು ನೋಡಿದಂತೆ ನೋಡಿದರು. ಸೀಟಿ ಊದಲು ಹೋದೆ, ಬರೀ ಗಾಳಿ ಬಂತು. ಕೊನೆಗೆ ಬೇರೆ ದಾರಿ ಕಾಣದೆ, “ತಾತನ್ನ ಹುಡುಕಾನ್ವಾ?” ಅಂತ ಕೇಳಿದೆ. ಅಳು ನಿಂತಿತು. ಕಣ್ಣೀರು ಕೆನ್ನೆ ಮೇಲೇ ಇತ್ತು, ಮಗು ನನ್ನ ಮುಖವನ್ನು ಮೊದಲ ಸಲ ಪೂರ್ತಿಯಾಗಿ ನೋಡಿತು. ಆಮೇಲೆ ತೋರುಬೆರಳು ಚಾಚಿ, ಹೋಗು ಅನ್ನುವ ಹಾಗೆ, ಮುಂದಕ್ಕೆ ತೋರಿಸಿತು.

ನಲ್ಲಿ ಎಡಗಡೆ ಇತ್ತು. ಮರದ ಕೆಳಗೆ ಬೀಗರ ಬಿಳಿ ಪಂಚೆ, ಅದರ ಮೇಲಿನ ನೀಲಿ ಕಲೆ ಕೂಡ ನನಗೆ ಕಾಣುತ್ತಿತ್ತು. ನಾನು ಬಲಗಡೆ ತಿರುಗಿದೆ. ಬೇಕೆಂದೇ ತಿರುಗಿದೆ, ಕಾಲು ತಪ್ಪಿ ಹೋಯಿತು ಅಂತ ಇಲ್ಲಿ ಸುಳ್ಳು ಬರೆಯುವುದಿಲ್ಲ.

ಜಿಂಕೆಗಳ ಮುಂದೆ ನಿಂತು, ತಾತ ಇದ್ದಾರಾ ಅಂತ ಕೇಳಿದೆ. ಮಗು ಬೇಲಿಯೊಳಗೆ ಇಣುಕಿ, ಎರಡೂ ಅಂಗೈ ಬಿಡಿಸಿ, ‘ಇಲ್ಲ’ ಅಂತು. ಕಸದ ಡಬ್ಬಿಯ ಹಿಂದೆ ನೋಡಿದೆವು, ಇಲ್ಲ. ಬೆಂಚಿನ ಕೆಳಗೆ ನಾನು ಬಗ್ಗಿದಾಗ ಮಗು ನನ್ನ ಕತ್ತು ತಬ್ಬಿಕೊಂಡು ತಲೆಕೆಳಗಾಗಿ ನೋಡಿತು, ಅಲ್ಲೂ ಇಲ್ಲ. ಜಿರಾಫೆಯನ್ನು ಕೇಳಿದೆ, ನೀನು ಎತ್ತರ ಇದ್ದೀಯಲ್ಲಪ್ಪ, ಎಲ್ಲಾದರೂ ಕಾಣುತ್ತಾರಾ ನೋಡು ಅಂತ. ಜಿರಾಫೆ ಮೆಲುಕು ಹಾಕುತ್ತ ನನ್ನನ್ನು ನೋಡಿತು. ಅದಕ್ಕೆ ನಿಜ ಗೊತ್ತಿತ್ತು ಅಂತ ಕಾಣುತ್ತದೆ. ಮಗು ಕಿಲಕಿಲ ನಕ್ಕಿತು. ನನ್ನ ಮೈಗೆ ಅಂಟಿಕೊಂಡು ಒಂದು ಮಗು ನಕ್ಕು ಎಷ್ಟು ವರ್ಷವಾಗಿತ್ತು ಅಂತ ಎಣಿಸಿದರೆ ಚೈತ್ರ ಚಿಕ್ಕವಳಿದ್ದಾಗಿನ ಕಾಲಕ್ಕೆ ಹೋಗಬೇಕು. ಆಗಲೂ ಹುಳ ಇದ್ದವು, ಆಗಲೂ ನಾನು ಅವಸರದಲ್ಲಿದ್ದೆ. ಈಗ ಅವಸರ ಇರಲಿಲ್ಲ. ಬೀಗರು ಸಿಗಲೇಬಾರದು, ಈ ಝೂ ಮುಗಿಯಲೇಬಾರದು, ಇನ್ನೂ ನೂರು ಪ್ರಾಣಿ ಇರಲಿ ಅನ್ನಿಸುತ್ತಿತ್ತು. ಮೊಸಳೆಯ ಹತ್ತಿರ ಯಾರೂ ಇರಲಿಲ್ಲ. ಅಲ್ಲಿ ನಿಂತು, ಮಗುವಿಗೆ ತಿಳಿಯುವುದಿಲ್ಲ ಅನ್ನುವ ಧೈರ್ಯದ ಮೇಲೆ, ಅದರ ಕಿವಿಯಲ್ಲಿ ಹೇಳಿಬಿಟ್ಟೆ: “ನಿನ್ನ ನಮ್ಮನೆಯಿಂದ ಕಳಿಸ್ದೋನು ನಾನೇ ಕಣ್ಲಾ ಕಂದ. ತಪ್ಪಾಯ್ತು.” ಮಗು ನೀರೊಳಗೆ ಚೆನ್ನಾಗಿ ಬಗ್ಗಿ ನೋಡಿ, ಅಂಗೈ ಬಿಡಿಸಿ, ‘ಇಲ್ಲ’ ಅಂತು.

ಮುಕ್ಕಾಲು ಗಂಟೆ ಆಗಿರಬೇಕು. ನವಿಲಿನ ಹತ್ತಿರ ಮಗುವಿನ ‘ಇಲ್ಲ’ದಲ್ಲಿ ನಗು ಕಡಿಮೆಯಾಯಿತು. ಆಮೇಲೆ ನನ್ನ ಅಂಗಿಯ ಗುಂಡಿ ತಿರುಗಿಸುತ್ತ, ತೀರಾ ಸಣ್ಣ ದನಿಯಲ್ಲಿ ‘ತಾತ ಬೇಕು’ ಅಂತು. ನಾನು ಮತ್ತೊಂದು ಬೋನಿನ ಕಡೆ ಕೈ ತೋರಿಸಬಹುದಾಗಿತ್ತು. ಮನಸ್ಸು ಬರಲಿಲ್ಲ. ನೆಟ್ಟಗೆ ನಲ್ಲಿಯ ಹಿಂದಿನ ಮರಕ್ಕೆ ನಡೆದೆ. ಬೀಗರು ಕಾಲಿಗೆ ಹತ್ತಿದ ಇರುವೆ ಕೊಡವಿಕೊಳ್ಳುತ್ತ ಅಲ್ಲೇ ಕೂತಿದ್ದರು. ಮಗು ನನ್ನ ಕೈಯಿಂದ ಅವರ ಮೇಲೆ ಹಾರಿತು. ಅದು ಒರಗಿದ್ದ ನನ್ನ ಎದೆಯ ಜಾಗ ಬೆವರಿ ಒದ್ದೆಯಾಗಿತ್ತು, ಗಾಳಿಗೆ ತಣ್ಣಗಾಯಿತು. ಇಷ್ಟು ಹೊತ್ತು ಕಾಯಿಸಿದ್ದಕ್ಕೆ ನಾನೇನೋ ಸಬೂಬು ಹೇಳಲು ಹೊರಟೆ. ಅವರು ಮಗುವಿನ ಬೆನ್ನು ತಟ್ಟುತ್ತಲೇ ಹೇಳಿದರು: “ನೀವು ಆ ಕಡೆ ತಿರುಗಿದ್ದ ನೋಡ್ದೆ ಬೀಗ್ರೆ. ಇಬ್ರೂ ನಗ್ತಿದ್ರಿ. ಕರೆಯಾಕೆ ಮನಸ್ಸು ಬರ್ನಿಲ್ಲ.” ನಾನು ಚಪ್ಪಲಿಯನ್ನು ಆ ಕೈಯಿಂದ ಈ ಕೈಗೆ ಬದಲಾಯಿಸಿದೆ. ಇಂಥ ಮನುಷ್ಯನ ಮೇಲೆ ಹೊಟ್ಟೆಕಿಚ್ಚು ಪಡುವುದು ಎಷ್ಟು ಕಷ್ಟ ಅಂತ ಯಾರಿಗೆ ಹೇಳಲಿ.

ಉಳಿದವರೆಲ್ಲ ಮರದ ಕೆಳಗೆ ಬಂದು ಸೇರುವಷ್ಟರಲ್ಲಿ ನಿಂಗಕ್ಕನ ಫೋನು ಬಂತು. ಹುಳ ಎದ್ದವೆ, ಬನ್ನಿ ಅಂದಳು. ಜ್ವರ ಬಿಟ್ಟು ಎದ್ದ ಹುಳಕ್ಕೆ ಭಾರೀ ಹಸಿವು. ಇಷ್ಟು ವರ್ಷದಲ್ಲಿ ಅದು ಎದ್ದಾಗ ನಾನು ಮನೆಯಲ್ಲಿ ಇಲ್ಲದೆ ಇದ್ದದ್ದಿಲ್ಲ. ಜಯಮ್ಮ ಆಗಲೇ ಚೀಲ ಹೆಗಲಿಗೆ ಹಾಕಿಕೊಂಡಿದ್ದಳು. ಮಗಳು ನನ್ನನ್ನು ನೋಡಿದಳು. ಕೆಂಡಕ್ಕೆ ನೀರು ಸುರಿದ ದಿನವೂ ಹೀಗೇ ನೋಡಿದ್ದಳು. “ಇನ್ನೊಂದು ಗಂಟೆ ಇರ್ತೀನಿ ಕಣವ್ವ, ಹುಳ ಕಾಯ್ಲಿ” ಅಂದೆ. ಜಯಮ್ಮ ಚೀಲವನ್ನು ಇಳಿಸಿ ನನ್ನ ಹಣೆ ಮುಟ್ಟಿ ನೋಡಿದಳು. ಮಗಳು ಮುಖ ತಿರುಗಿಸಿಕೊಂಡು ಮೂಗು ಒರೆಸಿಕೊಂಡಳು. ಹೀಗೆ ನನ್ನ ಜೀವಮಾನದಲ್ಲಿ ಹುಳುಗಳಿಗಿಂತ ಮನುಷ್ಯರು ಮಿಗಿಲು ಅಂತ ನಾನು ಮಾಡಿದ ಮೊದಲ ತ್ಯಾಗ ಅದು. ಆ ಒಂದು ಗಂಟೆಯೂ ಮಗು ಬೀಗರ ತೊಡೆಯ ಮೇಲೆ ಬಾಯಿ ತೆರೆದುಕೊಂಡು ಗಾಢವಾಗಿ ನಿದ್ದೆ ಹೊಡೆಯಿತು. ನಾನು ಎದುರಿಗೆ ಕೂತು ನೊಣ ಓಡಿಸಿದೆ.

ಮನೆಗೆ ಬಂದು, ಸೆಂಟಿನ ಅಂಗಿ ಹೊರಗೇ ಬಿಚ್ಚಿ, ಕಾಲು ತೊಳೆದು ಓಡಿದೆ. ಹುಳುಗಳಿಗೆ ಏನೂ ಆಗಿರಲಿಲ್ಲ. ಸೊಪ್ಪು ಹಾಕಿದ ತಕ್ಷಣ ತಿನ್ನಲು ಶುರು ಮಾಡಿದವು. ಒಂದು ಗಂಟೆ ತಡವಾದರೆ ಅವಕ್ಕೆ ಏನೂ ಆಗುವುದಿಲ್ಲ ಅನ್ನುವುದು ಐವತ್ತೆಂಟನೇ ವಯಸ್ಸಿನಲ್ಲಿ ಗೊತ್ತಾದರೆ ಸಂತೋಷಪಡಬೇಕೋ, ಅಳಬೇಕೋ. ಹುಳುಗಳ ತಟ್ಟೆಗಳ ನಡುವೆ ಬಹಳ ಹೊತ್ತು ನಿಂತಿದ್ದೆ.

ನಾಲ್ಕು ದಿನ ಬಿಟ್ಟು ಸಾಯಂಕಾಲ ಮಗಳ ವಿಡಿಯೋ ಕಾಲ್ ಬಂತು. ಮಗು ಬೀಗರ ತೊಡೆಯ ಮೇಲೆ ಕೂತಿತ್ತು, ಅವರ ಗಡ್ಡ, ಅರ್ಧ ಕಿವಿ ನನಗೆ ಕಾಣುತ್ತಿತ್ತು. ಈ ಸಲ ಮಗು ನನ್ನ ಮುಖವನ್ನು ಪಕ್ಕಕ್ಕೆ ತಳ್ಳಲಿಲ್ಲ. ಕಣ್ಣರಳಿಸಿ ನೋಡಿ, ಒಂದೇ ಕ್ಷಣಕ್ಕೆ ಗುರುತು ಹಿಡಿದು, ಎರಡೂ ಅಂಗೈ ಬಿಡಿಸಿ, ‘ತಾತ ಎಲ್ಲಿ?’ ಅಂತ ಕೇಳಿತು. ಜಯಮ್ಮ, ಇಲ್ಲೇ ಇದ್ದಾರಲ್ಲ ಪುಟ್ಟ, ಅಂತ ನನ್ನನ್ನು ತೋರಿಸಲು ಕೈ ಎತ್ತಿದಳು. ನಾನು ಅವಳ ಕೈ ಹಿಡಿದು ಇಳಿಸಿ, ಫೋನು ತಗೊಂಡು ಎದ್ದೆ. ಬಾಗಿಲ ಸಂದಿಯಲ್ಲಿ ನೋಡಿದೆ, ಬೀರುವಿನ ಹಿಂದೆ ನೋಡಿದೆ. ಮಗು ಆಗಲೇ ನಗುತ್ತಿತ್ತು. ಮಂಡಿಯೂರಿ, ಫೋನು ಹಿಡಿದು ಮಂಚದ ಕೆಳಗೆ ತಲೆ ತೂರಿಸಿ, ಚೆನ್ನಾಗಿ ಹುಡುಕಿ, ಈ ಮನೆಯಲ್ಲಿ ಯಾವ ತಾತನೂ ಇಲ್ಲ ಕಂದ ಅಂತ ನಾನೇ ನನ್ನ ಬಾಯಾರೆ ಹೇಳಿದೆ. ಮಗು ಚಪ್ಪಾಳೆ ತಟ್ಟಿ, ಇನ್ನೊಂದು ಸಲ ನೋಡು ಅಂತು. ನೋಡಿದೆ.